ಮಂಜೂರಾತಿ ಪತ್ರಕ್ಕೂ ಬ್ಯಾಂಕ್ ಖಾತೆಗೂ ನಡುವೆ

ವಿಜ್ಞಾನ ಸಂಶೋಧನೆಗೆ ಬರಬೇಕೆಂದಿರುವ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸರ್ಕಾರ ಹಣವನ್ನೇ ಇಟ್ಟಿಲ್ಲ ಎಂಬ ದೂರು ಹಾಸನದ ಕಾಲೇಜುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಹಣ ಇದೆ. 2023ರ ಜನವರಿಯಿಂದ ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸಿಗುವ ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಪರಿಶಿಷ್ಟ ಜಾತಿಯವರಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್ ಇದೆ. ಪರಿಶಿಷ್ಟ ಪಂಗಡದವರಿಗೆ ವರ್ಷಕ್ಕೆ 750 ಫೆಲೋಶಿಪ್‌ಗಳಿವೆ. ಮದುವೆ, ಹೆರಿಗೆ ಎಂದು ಪ್ರಯೋಗಾಲಯ ಬಿಟ್ಟ ಮಹಿಳೆಯರನ್ನು ಮರಳಿ ಕರೆತರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಎರಡು ದಶಕಗಳಿಂದ ಯೋಜನೆ ನಡೆಸುತ್ತಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪ್ರಾಣಿಶಾಸ್ತ್ರ ಕಲಿಸುತ್ತ, ಅವರ ಅರ್ಜಿಗಳನ್ನು ತಿದ್ದುತ್ತ ನನಗೆ ಮನವರಿಕೆಯಾಗಿರುವುದೆಂದರೆ, ತೊಡಕು ಇರುವುದು ಮೊತ್ತಕ್ಕಿಂತ ಹೆಚ್ಚಾಗಿ ತಾರೀಖಿನಲ್ಲಿ.

ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ದಿನ ಊರಿನಲ್ಲಿ ಸಿಹಿ ಹಂಚುತ್ತಾರೆ. ಹಣ ಬರಬೇಕಾದರೆ ಮೊದಲು ಪಿಎಚ್‌ಡಿಗೆ ನೋಂದಣಿಯಾಗಬೇಕು, ಮಾರ್ಗದರ್ಶಕರ ಸಹಿಯೊಡನೆ ಸೇರ್ಪಡೆ ವರದಿ ಹೋಗಬೇಕು, ವಿಶ್ವವಿದ್ಯಾಲಯ ಅದನ್ನು ಪೋರ್ಟಲ್‌ಗೆ ಏರಿಸಬೇಕು. ಆಮೇಲೂ ವಿದ್ಯಾರ್ಥಿ ಕೆಲಸ ಮುಂದುವರಿಸಿದ್ದಾರೆಂದು ಕಚೇರಿಯಲ್ಲಿ ಒಬ್ಬರು ನಮೂದಿಸಬೇಕು, ಇನ್ನೊಬ್ಬ ಅಧಿಕಾರಿ ಅನುಮೋದಿಸಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ವರ್ಗವಾದರೂ ಪಾಸ್‌ವರ್ಡ್ ಮರೆತರೂ ಕಂತು ನಿಂತಿತು. ಜಾತಿ ಪ್ರಮಾಣಪತ್ರದಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ತಾಲ್ಲೂಕು ಕಚೇರಿಯ ಅಲೆದಾಟ ಬೇರೆ. ಕೊನೆಗೊಂದು ದಿನ ಬಾಕಿಯೆಲ್ಲ ಒಟ್ಟಿಗೆ ಜಮೆಯಾಗುತ್ತದೆ, ನಿಜ. ಅಲ್ಲಿಯವರೆಗೆ ಮೈಸೂರಿನಲ್ಲೋ ಶಂಕರಘಟ್ಟದಲ್ಲೋ ಕೊಠಡಿ ಬಾಡಿಗೆ, ಮೆಸ್ ಬಿಲ್ಲು, ರಾಸಾಯನಿಕಗಳ ಖರ್ಚು ಯಾರ ಜೇಬಿನಿಂದ?

ಮನೆಯಲ್ಲಿ ಸಂಬಳದವರಿದ್ದರೆ ಈ ಪ್ರಶ್ನೆ ಏಳುವುದೇ ಇಲ್ಲ. ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಿಂದ ಬಂದ ಹುಡುಗಿಯ ಲೆಕ್ಕಾಚಾರ ಬೇರೆ. ಎಂ.ಎಸ್ಸಿ. ಮುಗಿದ ಕೂಡಲೇ ಖಾಸಗಿ ಪಿಯು ಕಾಲೇಜಿನಲ್ಲಿ ಕೆಲಸ ಸಿಗುತ್ತದೆ. ಸಂಬಳ ಫೆಲೋಶಿಪ್‌ನ ಅರ್ಧವೂ ಇರಲಿಕ್ಕಿಲ್ಲ, ಆದರೆ ತಿಂಗಳು ತಿಂಗಳು ಬರುತ್ತದೆ. ಅವಳು ಅದನ್ನು ಆರಿಸಿಕೊಂಡರೆ ‘ಛಲ ಸಾಲದು’ ಎಂದು ಹಿರಿಯರು ತೀರ್ಪು ಕೊಡುತ್ತಾರೆ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮಗಳ ಅರ್ಹತೆಯನ್ನು ಪರೀಕ್ಷೆಯಲ್ಲಿ ಅಳೆದಾದ ಮೇಲೆ ಅಪ್ಪನ ಉಳಿತಾಯವನ್ನೂ ಅಳೆಯುವ ಏರ್ಪಾಡು ಇದು.

ಪರೀಕ್ಷೆಯಲ್ಲೂ ಒಂದು ವಿಷಯವಿದೆ. ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯಬಹುದು. ವಿಜ್ಞಾನದ ಜೆಆರ್‌ಎಫ್‌ಗೆ ದಾರಿಯಾದ ಸಿಎಸ್‌ಐಆರ್ ನೆಟ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಎಂ.ಎಸ್ಸಿ. ಪಾಠವೇ ಇಂಗ್ಲಿಷಿನಲ್ಲಿರುವಾಗ ಇದೇನು ದೊಡ್ಡದು ಎನ್ನಬಹುದು. ಹಿಂದಿ ಸೀಮೆಯ ಅಭ್ಯರ್ಥಿಗೆ ಸಿಗುವ ಆಸರೆ ಬೇಲೂರು ತಾಲ್ಲೂಕು ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಹುಡುಗನಿಗೆ ಏಕಿಲ್ಲ? ಮನೆಯಲ್ಲಿ ವಾಗ್ರಿ, ಶಾಲೆಯಲ್ಲಿ ಕನ್ನಡ, ಪರೀಕ್ಷೆಯಲ್ಲಿ ಮೂರನೆಯ ಭಾಷೆ. ಅಂಥವರಿಗೆ ನಾನು ಮೊದಲು ತೋರಿಸುವುದು ಪರಿಶಿಷ್ಟ ಪಂಗಡದ ಫೆಲೋಶಿಪ್ಪನ್ನು. ಅಲ್ಲಿ ಆಯ್ಕೆ ಸ್ನಾತಕೋತ್ತರ ಅಂಕಗಳ ಮೇಲೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿ ಫೆಲೋಶಿಪ್‌ಗೆ ಕಾಯುವವರನ್ನೂ ಕಂಡಿದ್ದೇನೆ. ಅದರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಸಿಗುತ್ತದೆ, ಹಣ ಸಿಗುವುದಿಲ್ಲ.

ಪಿಯುಸಿ ಮಕ್ಕಳ ಪೋಷಕರಿಗೂ ಒಂದು ಮಾತು. ಮಂಡಳಿ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 1ರಷ್ಟು ವಿದ್ಯಾರ್ಥಿಗಳು ಮೂಲವಿಜ್ಞಾನದ ಪದವಿಗೆ ಸೇರಿದರೆ ಕೇಂದ್ರದ ‘ಇನ್‌ಸ್ಪೈರ್’ ಯೋಜನೆಯಡಿ ವರ್ಷಕ್ಕೆ 80,000 ರೂಪಾಯಿವರೆಗೆ ವಿದ್ಯಾರ್ಥಿವೇತನವಿದೆ. ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಅದು ಅನ್ವಯಿಸದು. ಸೇರುವ ವಿಷಯ ಪಟ್ಟಿಯಲ್ಲಿದೆಯೇ ಎಂಬುದನ್ನು ಪ್ರವೇಶಕ್ಕೆ ಮೊದಲೇ ನೋಡಿಕೊಳ್ಳಿ.

ವಿಜ್ಞಾನ ಇಲಾಖೆ ರೂಪಿಸದ ಸಂಶೋಧನಾ ಅನುದಾನವೊಂದನ್ನೂ ಇಲ್ಲಿ ನೆನೆಯಬೇಕು: 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ. ಸಕಲೇಶಪುರದಿಂದ, ಅರಸೀಕೆರೆಯಿಂದ ದಿನವೂ ಬರುವ ಹುಡುಗಿಯರಿಗೆ ಬಸ್ಸಿನ ಖರ್ಚೇ ಇಲ್ಲ. ಅದು ಮುಂಗಡವಿಲ್ಲದೆ, ಮರುಪಾವತಿಯಿಲ್ಲದೆ, ಬೇಕಾದ ಹೊತ್ತಿಗೇ ಸಿಗುವ ನೆರವು. ಉಳಿದ ಯೋಜನೆಗಳಲ್ಲಿ ಇಲ್ಲದಿರುವುದು ಇದೇ.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿ 1988ರಲ್ಲಿ ಕಪ್ಪು ಜನಾಂಗದ ಯುವಕರಿಗಾಗಿ ಶುರುವಾದ ಮೈಯರ್‌ಹಾಫ್ ವಿಜ್ಞಾನ ವಿದ್ಯಾರ್ಥಿವೇತನ ಕಾರ್ಯಕ್ರಮ ಈ ಮಟ್ಟಿಗೆ ಗಮನಾರ್ಹ. ಅಲ್ಲಿ ತರಗತಿ ಆರಂಭವಾಗುವ ಮೊದಲಿನ ಬೇಸಿಗೆಯಲ್ಲೇ ವಿದ್ಯಾರ್ಥಿಗಳನ್ನು ಕರೆಸಿಕೊಂಡು, ಒಟ್ಟಿಗೆ ಓದಿಸಿ, ಬೇಗನೆ ಪ್ರಯೋಗಾಲಯಕ್ಕೆ ಹಚ್ಚುತ್ತಾರೆ.

ನೆರವನ್ನು ಹೀಗೆ ಮೊದಲೇ ಕೊಡಲು ನಮ್ಮಲ್ಲಿ ಹೊಸ ಕಾಯ್ದೆ ಬೇಕಿಲ್ಲ. ಕರ್ನಾಟಕದ 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆಯಡಿ ವಿಶ್ವವಿದ್ಯಾಲಯಗಳಿಗೆ ಹಣ ಬರುತ್ತದೆ. ನಾನು ಕಂಡಂತೆ ಅದು ಹೆಚ್ಚಾಗಿ ಲ್ಯಾಪ್‌ಟಾಪ್, ಪುಸ್ತಕಗಳಿಗೆ ಹೋಗುತ್ತದೆ. ಅದರಲ್ಲೊಂದು ಪಾಲನ್ನು ಎತ್ತಿಟ್ಟು, ಫೆಲೋಶಿಪ್‌ಗೆ ಆಯ್ಕೆಯಾದವರಿಗೆ ನೋಂದಣಿಯಾದ ತಿಂಗಳಿನಿಂದಲೇ ಕೈಗಡವಾಗಿ ಕೊಟ್ಟು, ಬಾಕಿ ಜಮೆಯಾದಾಗ ಹಿಂಪಡೆದರೆ ಸಾಕು. ವಿದ್ಯಾರ್ಥಿ ಮಧ್ಯದಲ್ಲೇ ಬಿಟ್ಟುಹೋದರೆ ನಷ್ಟ ಯಾರ ತಲೆಗೆ ಎಂದು ಹಣಕಾಸು ವಿಭಾಗ ಕೇಳುತ್ತದೆ. ಲ್ಯಾಪ್‌ಟಾಪ್ ಪಡೆದು ಬಿಟ್ಟುಹೋದವರ ಬಗ್ಗೆ ಈ ಪ್ರಶ್ನೆ ಎದ್ದದ್ದನ್ನು ನಾನು ಕೇಳಿಲ್ಲ.

ಅದಾಗುವವರೆಗೆ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು: ಮಾರ್ಗದರ್ಶಕರನ್ನು ಆರಿಸುವ ಮೊದಲು ಅವರ ಬಳಿ ಈಗಿರುವ ಫೆಲೋಗಳಿಗೆ ಕೊನೆಯ ಕಂತು ಯಾವಾಗ ಬಂತೆಂದು ವಿಚಾರಿಸಿ. ಪೋರ್ಟಲ್‌ನಲ್ಲಿ ನಿಮ್ಮ ಹೆಸರನ್ನು ನಮೂದಿಸುವವರು ಯಾರು, ಅವರು ಇಲ್ಲದಾಗ ಆ ಕೆಲಸ ಯಾರದು ಎಂದು ಸೇರಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.