ವಾಂತಿ ಜಾಸ್ತಿಯಾದರೆ ಹೆಣ್ಣು ಮಗುವೇ? ಆ ಮಾತಿನ ಹಿಂದೆಮುಂದೆ

ಒಗ್ಗರಣೆ ವಾಸನೆಗೇ ಓಕರಿಕೆ, ಕುಡಿದ ನೀರೂ ನಿಲ್ಲುತ್ತಿಲ್ಲ ಎಂದು ಬಸುರಿ ಹೇಳಿಕೊಂಡರೆ ಮುಳಬಾಗಿಲು, ಚಿಂತಾಮಣಿ ಕಡೆಯ ಮನೆಗಳಲ್ಲಿ ‘ಹಂಗಾದ್ರೆ ಹೆಣ್ಣೇ ಇರಬೇಕು ಬಿಡಮ್ಮ’ ಎನ್ನುವುದುಂಟು. ಇಂಥ ಊಹೆ ಹಳೆಯದು. ಬಸುರಿಯ ಮುಖ ಕಳೆಗುಂದಿದರೆ ಹೆಣ್ಣು ಎಂಬ ಮಾತು ಗ್ರೀಸಿನ ಹಿಪ್ಪೊಕ್ರೆಟಿಸ್ ಹೆಸರಿನ ವೈದ್ಯಗ್ರಂಥಗಳಲ್ಲೂ ಇದೆ.

ಅಂಕಿಅಂಶದ ಆಸರೆ ಸಿಕ್ಕಿದ್ದು 1999ರಲ್ಲಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಅಧ್ಯಯನದಿಂದ. ಮೊದಲ ಮೂರು ತಿಂಗಳಲ್ಲಿ ವಿಪರೀತ ವಾಂತಿಯಿಂದ ಆಸ್ಪತ್ರೆ ಸೇರಿದವರ ಮಕ್ಕಳಲ್ಲಿ ಗಂಡು ಶೇ 44.3; ಉಳಿದವರಲ್ಲಿ ಶೇ 51.4. ನಂಟು ನಿಜ, ಆದರೆ ಸಣ್ಣದು. ಆಸ್ಪತ್ರೆ ಸೇರುವಷ್ಟು ವಾಂತಿಯಾದ ನೂರು ಮಂದಿಗೂ ‘ಹೆಣ್ಣು’ ಎಂದರೆ 44 ಸಲ ಮಾತು ಸುಳ್ಳಾಗುತ್ತದೆ.

ಕಾರಣದ ಹುಡುಕಾಟ ದಶಕಗಳ ಕಾಲ ಬಸುರಿನಲ್ಲಿ ಏರುವ ಎಚ್‌ಸಿಜಿ ಹಾರ್ಮೋನಿನ ಸುತ್ತಲೇ ನಡೆಯಿತು. 2023ರಲ್ಲಿ ‘ನೇಚರ್’ ಪತ್ರಿಕೆಯ ಸಂಶೋಧನೆ ಜಿಡಿಎಫ್15 ಎಂಬ ಇನ್ನೊಂದು ಹಾರ್ಮೋನನ್ನು ತೋರಿಸಿತು. ಮಗು ಮತ್ತು ಮಾಸು ಅದನ್ನು ತಯಾರಿಸುತ್ತವೆ. ಬಸುರಿಗೆ ಮುಂಚೆ ಯಾರ ರಕ್ತದಲ್ಲಿ ಅದು ಕಡಿಮೆ ಇತ್ತೋ ಅವರನ್ನು ಹೆಚ್ಚು ಕಾಡುತ್ತದೆ. ‘ಎಲ್ಲ ಮನಸ್ಸಿನದು’, ‘ಸೋಮಾರಿತನ’ ಎಂದು ಎಷ್ಟೋ ಹೆಣ್ಣುಮಕ್ಕಳು ಕೇಳಿಸಿಕೊಂಡ ಮೇಲೆ ಬಂದ ಉತ್ತರವಿದು.

ನಮ್ಮಲ್ಲಿ ಗೋಜಲಾಗಿರುವುದು ಚಿಕಿತ್ಸೆ. ‘ಒಂದು ಬಾಟಲಿ ಗ್ಲೂಕೋಸ್ ಹಾಕಿಸ್ಕೊಂಡು ಬರೋಣ’ ಎಂಬುದು ರೂಢಿ. ವಾರಗಟ್ಟಲೆ ವಾಂತಿಯಾದವರಲ್ಲಿ ಬಿ1 ಜೀವಸತ್ವ ಬರಿದಾಗಿರಬಹುದು. ದೇಹ ಸಕ್ಕರೆ ಅಂಶವನ್ನು ಬಳಸಿಕೊಳ್ಳಲು ಅದೇ ಬೇಕು. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟಾಗಬಹುದು: ಕಣ್ಣಾಲಿ ಅದುರುತ್ತದೆ, ನಡಿಗೆ ತೂರಾಡುತ್ತದೆ, ಮನಸ್ಸು ಗೊಂದಲಗೊಳ್ಳುತ್ತದೆ. ಆದ್ದರಿಂದ ಮೊದಲು 100 ಮಿ.ಗ್ರಾಂ. ಬಿ1 ಚುಚ್ಚುಮದ್ದು, ಉಪ್ಪುನೀರಿನ ಸಲೈನ್. ರಕ್ತಪರೀಕ್ಷೆ ನೋಡಿಕೊಂಡು ಪೊಟ್ಯಾಸಿಯಂ. ಗ್ಲೂಕೋಸ್ ಬೇಕೇ ಬೇಕೆಂದರೆ ಆಮೇಲೆ.

ಆಸ್ಪತ್ರೆಗೆ ಯಾವಾಗ ಹೊರಡಬೇಕು? ತಾಯಿ ಕಾರ್ಡಿನಲ್ಲಿ ಬರೆದ ತೂಕ ನೋಡಿ. 50 ಕೆ.ಜಿ. ಇದ್ದವರು 47.5ಕ್ಕೆ ಇಳಿದರೆ ಶೇ 5 ಹೋಯಿತು, ತಡಮಾಡುವಂತಿಲ್ಲ. ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಇಡೀ ದಿನ ಗುಟುಕು ನೀರೂ ದಕ್ಕದಿದ್ದರೆ ತೂಕ ನೋಡುತ್ತ ಕೂರಬೇಡಿ. ಅಲ್ಲಿ ಸ್ಕ್ಯಾನ್ ಮಾಡುವುದು ಅವಳಿಯೇ, ಅಥವಾ ಮಾಸು ಗುಳ್ಳೆಗುಳ್ಳೆಯಾಗಿ ಬೆಳೆದಿದೆಯೇ ಎಂದು ತಿಳಿಯಲು. ಎರಡರಲ್ಲೂ ವಾಂತಿ ಜೋರು. ಆರೆಂಟು ವಾರಕ್ಕೆ ಗಂಡೋ ಹೆಣ್ಣೋ ಕಾಣುವುದೂ ಇಲ್ಲ, ಕಂಡಾಗಲೂ ಹೇಳುವುದು 1994ರ ಕಾಯ್ದೆಯಡಿ ಅಪರಾಧ.

ಮಾತ್ರೆಯ ಭಯ 1961ರ ಥಾಲಿಡೊಮೈಡ್ ದುರಂತದ ಬಳುವಳಿ; ಓಕರಿಕೆಗೆಂದು ಬಸುರಿಯರು ನುಂಗಿದ ಆ ಮಾತ್ರೆಯಿಂದ ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ್ದವು. ವಾಂತಿ ತಡೆಯುವ ಡಾಕ್ಸಿಲಮೈನ್ ಮತ್ತು ಬಿ6 ಜೀವಸತ್ವ ಸೇರಿದ ಮಾತ್ರೆಯನ್ನೂ ಅಮೆರಿಕದಲ್ಲಿ 1983ರಲ್ಲಿ ಮೊಕದ್ದಮೆಗಳ ಹೊಡೆತಕ್ಕೆ ನಿಲ್ಲಿಸಿದ್ದರು. ಮಗುವಿಗೆ ಹಾನಿಯೆಂಬುದು ರುಜುವಾಗದೆ 2013ರಲ್ಲಿ ಅದೇ ಜೋಡಿ ಮರಳಿತು. ಸಾಮಾನ್ಯವಾಗಿ ರಾತ್ರಿ ಮಲಗುವಾಗ ಕೊಡುತ್ತಾರೆ, ಬೆಳಗಿನ ಹೊತ್ತಿಗೆ ಕೆಲಸ ಮಾಡಲೆಂದು; ತೂಕಡಿಕೆ ಬರುವುದು ಸಹಜ. ಕಬ್ಬಿಣಾಂಶದ ಮಾತ್ರೆ ಓಕರಿಕೆ ಹೆಚ್ಚಿಸುವುದರಿಂದ ವೈದ್ಯರು ಅದನ್ನು ಮುಂದೂಡಬಹುದು, ಫೋಲಿಕ್ ಆಮ್ಲ ಬಿಡಬಾರದು. ಮುದ್ದೆ ಸೇರದಿದ್ದರೆ ಒತ್ತಾಯ ಬೇಡ. ಹುರಿಗಡಲೆ, ಪುರಿ (ಮಂಡಕ್ಕಿ), ತಣ್ಣಗಿನ ಗಂಜಿ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ.

ಒಮ್ಮೆ ಹೀಗಾದವರಿಗೆ ಮುಂದಿನ ಬಸುರಿನಲ್ಲೂ ಮರುಕಳಿಸುವ ಸಾಧ್ಯತೆ ಹೆಚ್ಚು. ಮುಟ್ಟು ನಿಂತ ಕೂಡಲೇ ವೈದ್ಯರಿಗೆ ಹಳೆಯ ತಾಯಿ ಕಾರ್ಡ್ ತೋರಿಸಿದರೆ, ವಾಂತಿ ಶುರುವಾಗುವ ಮೊದಲೇ ಮಾತ್ರೆ ಆರಂಭಿಸಬಹುದು.