ಸ್ಟ್ರೌಡ್‌ಗೆ ಎಷ್ಟನೇ ಸ್ಥಾನ?

ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಕ್ವಾರ್ಟರ್‌ಬ್ಯಾಕ್‌ಗಳ (ಚೆಂಡು ಎಸೆದು ದಾಳಿ ನಡೆಸುವ ಆಟಗಾರರ) ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಸಿ.ಜೆ. ಸ್ಟ್ರೌಡ್ ಅವರಷ್ಟು ಬೇಗ ಹತ್ತಿ ಇಳಿದವರು ಕಡಿಮೆ. 2023ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಪ್ರಕ್ರಿಯೆ) ಎರಡನೆಯವರಾಗಿ ಆಯ್ಕೆಯಾಗಿ ಹ್ಯೂಸ್ಟನ್ ಟೆಕ್ಸನ್ಸ್ ಸೇರಿದರು. ಮೊದಲ ಸೀಸನ್‌ನಲ್ಲೇ ಪಾಸ್‌ಗಳಿಂದ 4,108 ಯಾರ್ಡ್, ಅಂಕ ತಂದ ಟಚ್‌ಡೌನ್ ಪಾಸ್ 23, ಇಂಟರ್‌ಸೆಪ್ಷನ್ (ಎದುರಾಳಿಯ ಕೈಸೇರಿದ ಪಾಸ್) ಬರೀ 5. ಮರುವರ್ಷ 3,727 ಯಾರ್ಡ್, 20 ಟಚ್‌ಡೌನ್, 12 ಇಂಟರ್‌ಸೆಪ್ಷನ್. ಅವರನ್ನು ಕೆಳಗಿಳಿಸಲು ಪಟ್ಟಿ ಮಾಡುವವರಿಗೆ ಇಷ್ಟು ಸಾಕಾಯಿತು.

ನನ್ನ ಕಣ್ಣು ಹೋಗುವುದು ಸ್ಯಾಕ್‌ಗಳ ಕಡೆಗೆ. 38 ಇದ್ದದ್ದು 52 ಆಯಿತು. ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವುವುದೇ ಸ್ಯಾಕ್; ಅದರ ತಪ್ಪು ಮುಂದೆ ನಿಂತು ಅವನನ್ನು ಕಾಯುವ ಲೈನ್‌ನದು ಎಂಬ ಮಾತಿದೆ. ಅರ್ಧ ನಿಜ. ವಿಡಿಯೊವನ್ನು ನಿಧಾನಕ್ಕೆ ಓಡಿಸಿ: ಹಿಂದಕ್ಕೆ ಸರಿದು ಕೊನೆಯ ಹೆಜ್ಜೆ ಊರುವ ಹೊತ್ತಿಗೆ ಮೊದಲ ರಿಸೀವರ್ (ಪಾಸ್ ಹಿಡಿಯುವವ) ಸಿಗುತ್ತಾನೋ ಇಲ್ಲವೋ ಎಂಬುದು ತೀರ್ಮಾನವಾಗಿರಬೇಕು. ಅಷ್ಟರೊಳಗೇ ಎದುರಾಳಿ ಮೈಮೇಲೆ ಬಿದ್ದಿದ್ದರೆ ಅದು ಲೈನ್‌ನ ಲೆಕ್ಕಕ್ಕೆ. ಜಾಗವೂ ಸಮಯವೂ ಇದ್ದು, ಚೆಂಡು ಹಿಡಿದು ಕಾಯುತ್ತಲೇ ಇದ್ದರೆ ಅದು ಹುಡುಗನ ಲೆಕ್ಕಕ್ಕೆ. ಸ್ಟ್ರೌಡ್ ವಿಚಾರದಲ್ಲಿ ಎರಡೂ ಬಗೆಯವು ಸಿಗುತ್ತವೆ, ಆದರೆ ನನ್ನ ಪ್ರಕಾರ ಮೊದಲನೆಯವೇ ಜಾಸ್ತಿ. 2024ರ ಸೀಸನ್ ಮುಗಿದ ಮೇಲೆ ತಂಡ, ದಾಳಿಯ ತಂತ್ರ ಹೆಣೆಯುವ ಆಫೆನ್ಸಿವ್ ಕೋಆರ್ಡಿನೇಟರ್ ಬಾಬಿ ಸ್ಲೋವಿಕ್ ಅವರನ್ನು ಕೈಬಿಟ್ಟಿತು, ಲೈನ್‌ನ ಹಿರಿಯ ಲಾರಮಿ ಟನ್ಸಿಲ್ ಅವರನ್ನೂ ವಾಷಿಂಗ್ಟನ್‌ಗೆ ಕೊಟ್ಟುಬಿಟ್ಟಿತು. ತಂಡದವರೇ ಬೊಟ್ಟು ಮಾಡಿದ್ದು ಯಾರ ಕಡೆಗೆ ಎಂಬುದನ್ನು ಗಮನಿಸಿ.

ಅದೇ ಡ್ರಾಫ್ಟ್‌ನ ಮೊದಲ ಆಯ್ಕೆ, ಕ್ಯಾರೊಲಿನಾದ ಬ್ರೈಸ್ ಯಂಗ್ ಮೊದಲ ವರ್ಷವೇ 62 ಸ್ಯಾಕ್ ತಿಂದರು. 2024ರಲ್ಲಿ ಎರಡು ಪಂದ್ಯ ಆಗುತ್ತಿದ್ದಂತೆ ಬೆಂಚಿಗೆ. ಕತೆ ಮುಗಿಯಿತು ಎಂದವರೇ ಹೆಚ್ಚು. ಮರಳಿ ಬಂದ ಯಂಗ್ ಕೊನೆಯ ಪಂದ್ಯದಲ್ಲಿ ಅಟ್ಲಾಂಟಾ ವಿರುದ್ಧ ಮೂರು ಟಚ್‌ಡೌನ್ ಎಸೆದು, ಎರಡನ್ನು ತಾವೇ ಓಡಿ ಗಳಿಸಿ, ಓವರ್‌ಟೈಮ್‌ನಲ್ಲಿ 44-38ರಿಂದ ಗೆಲ್ಲಿಸಿದರು. ಒಂದು ಪಂದ್ಯವನ್ನು ನೆಚ್ಚಿಕೊಳ್ಳಬಾರದು, ಸರಿ. ಆದರೆ ಮೊದಲಿನ ಹಿಂಜರಿಕೆ ಹೋಗಿ, ದೂರದ ಪಾಸ್‌ಗೆ ಕೈ ಏಳುತ್ತಿದ್ದುದು ಕಾಣುತ್ತಿತ್ತು.

ಹಾಗಾಗಿ ಮೊದಲ ಎರಡು ಸೀಸನ್‌ಗಳನ್ನಷ್ಟೇ ನೋಡಿ ಕ್ವಾರ್ಟರ್‌ಬ್ಯಾಕ್‌ಗೆ ನಾನು ಇಂಥದ್ದೇ ಸ್ಥಾನ ಎಂದು ಅಂಕಿ ಕೊಡುವುದಿಲ್ಲ. ಗುಂಪು ಮಾಡುತ್ತೇನೆ, ಅಷ್ಟೇ. ಮೂರನೇ ವರ್ಷ ಏನಾಗಬಹುದು ಎಂಬುದಕ್ಕೆ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ನೋಡಿ: ಜೋಶ್ ಅಲೆನ್ 2018ರಲ್ಲಿ ಬಫಲೋಗೆ ಬಂದಾಗ ಗುರಿ ಮುಟ್ಟುತ್ತಿದ್ದ ಪಾಸ್ ಶೇ 52.8. ಮರುವರ್ಷ 58.8. ಮೂರನೇ ವರ್ಷ 69.2! ಆ ವರ್ಷವೇ ಸ್ಟೆಫಾನ್ ಡಿಗ್ಸ್ ಎಂಬ ರಿಸೀವರ್ ತಂಡಕ್ಕೆ ಬಂದಿದ್ದರು. ಅಲೆನ್ ಬೆಳೆದರೋ, ಡಿಗ್ಸ್ ಬೆಳೆಸಿದರೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2024ರಲ್ಲಿ ಡಿಗ್ಸ್ ಬಫಲೋ ಬಿಟ್ಟರು, ಆ ಸೀಸನ್‌ನ ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿ ಬಂದದ್ದು ಅಲೆನ್‌ಗೆ. ಡಿಗ್ಸ್ ಹೋದದ್ದು ಹ್ಯೂಸ್ಟನ್‌ಗೆ, ಇದೇ ಸ್ಟ್ರೌಡ್ ಜೊತೆಗೆ. ಅಕ್ಟೋಬರ್‌ನಲ್ಲಿ ಮೊಣಕಾಲು ಪೆಟ್ಟಾಗಿ ಹೊರಗುಳಿದರು. ಡಿಸೆಂಬರ್‌ನಲ್ಲಿ ಸ್ಟ್ರೌಡ್ ಅವರ ಇನ್ನೊಬ್ಬ ರಿಸೀವರ್ ಟ್ಯಾಂಕ್ ಡೆಲ್ ಕೂಡ.