ಟಿಡಿಎಸ್: ಕಡಿತವೋ, ಹಿಡಿತವೋ?

ಸಂಕ್ರಾಂತಿಗೆ ಮಂಡ್ಯದ ಹತ್ತಿರದ ನಮ್ಮೂರಿಗೆ ಬಂದಿದ್ದ ಚಿಕ್ಕಪ್ಪನ ಮಗ ಭಾರಿ ಖುಷಿಯಲ್ಲಿದ್ದ. ಅಕ್ಟೋಬರ್‌ನಲ್ಲಿ ಮೈಸೂರಿನಲ್ಲೇ ಕೆಲಸ ಬದಲಾಯಿಸಿದ್ದಾನೆ. ಸಂಬಳ ಮೊದಲಿನಷ್ಟೇ, ವರ್ಷಕ್ಕೆ 15 ಲಕ್ಷ. ಕೈಗೆ ಬರುವುದು ಮಾತ್ರ ಜಾಸ್ತಿಯಾಗಿದೆ.

"ಹೊಸ ಕಂಪನಿಲಿ ಟ್ಯಾಕ್ಸೇ ಹಿಡೀತಿಲ್ಲ ಕಣಣ್ಣ!"

ಸಂಬಳ ಕೈಗೆ ಬರುವ ಮುಂಚೆಯೇ ತೆರಿಗೆ ತೆಗೆದುಕೊಳ್ಳುವ ಈ ಟಿಡಿಎಸ್‌ಗೆ ಪುಸ್ತಕದ ಕನ್ನಡದಲ್ಲಿ 'ಮೂಲದಲ್ಲೇ ತೆರಿಗೆ ಕಡಿತ' ಅನ್ನುತ್ತಾರೆ. ಜನ ಅನ್ನುವುದು 'ಹಿಡಿಯೋದು'. ನನಗೆ ಜನರ ಮಾತೇ ಸರಿ ಅನ್ನಿಸುತ್ತದೆ. ಕಡಿದದ್ದು ಹೋಯಿತು ಎಂದೇ ಅರ್ಥ. ಹಿಡಿದದ್ದನ್ನು ಬಿಡಲೂಬಹುದು, ಸಾಲದಿದ್ದರೆ ಇನ್ನಷ್ಟು ಕೇಳಲೂಬಹುದು.

ಕಬ್ಬಿನ ಬಿಲ್ಲು ನೆನಪಿಸಿಕೊಳ್ಳಿ. ಸೊಸೈಟಿ ಸಾಲಕ್ಕೆ ಅಂತ ಬಿಲ್ಲಿನಲ್ಲೇ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಜಾಸ್ತಿ ಮುರಿದುಕೊಂಡರೆ ಸಾಲ ದೊಡ್ಡದಾಗುವುದಿಲ್ಲ, ಕಡಿಮೆ ಮುರಿದುಕೊಂಡರೆ ಸಾಲ ಕರಗುವುದೂ ಇಲ್ಲ. ಟಿಡಿಎಸ್ ಕೂಡ ಹಾಗೆಯೇ. ವರ್ಷದ ತೆರಿಗೆ ಎಷ್ಟು ಎಂಬುದನ್ನು ನಿಮ್ಮ ಆದಾಯ ನಿರ್ಧರಿಸುತ್ತದೆ. ತಿಂಗಳು ತಿಂಗಳು ಹಿಡಿಯುವುದು ಅದರ ಅಂದಾಜು ಕಂತು, ಅಷ್ಟೇ.

ಅಂದಾಜು ಮಾಡುವುದು ಆಫೀಸಿನವರು. ಅವರಿಗೆ ಗೊತ್ತಿರುವುದು ಅವರು ಕೊಡುವ ಸಂಬಳ ಮತ್ತು ನೀವು ಬರೆದುಕೊಟ್ಟ ವಿವರ. ತಮ್ಮನ ವಿಷಯದಲ್ಲಿ ಎಡವಟ್ಟಾದದ್ದು ಇಲ್ಲೇ.

ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿಗಳಿವೆ. 2025-26ರ ಹೊಸ ಪದ್ಧತಿಯಲ್ಲಿ 15 ಲಕ್ಷಕ್ಕೆ ಲೆಕ್ಕ ಹಾಕೋಣ. ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14.25 ಲಕ್ಷ. ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಮುಂದಿನ 4 ಲಕ್ಷಕ್ಕೆ ಶೇ. 5, ಅಂದರೆ 20,000. ಅದರ ಮೇಲಿನ 4 ಲಕ್ಷಕ್ಕೆ ಶೇ. 10, 40,000. ಉಳಿದ 2.25 ಲಕ್ಷಕ್ಕೆ ಶೇ. 15, 33,750. ಈ ತೆರಿಗೆಯ ಮೇಲೆ ಶೇ. 4 ಸೆಸ್ ಸೇರಿಸಿದರೆ ಒಟ್ಟು 97,500. ತಿಂಗಳಿಗೆ 8,125.

ಹಳೆಯ ಕಂಪನಿ ಆರು ತಿಂಗಳು ಹೀಗೇ ಹಿಡಿದು 48,750 ಕಟ್ಟಿದೆ. ಹೊಸ ಕಂಪನಿಗೆ ಇವನು ಹಳೆಯ ಸಂಬಳದ ಸುದ್ದಿಯನ್ನೇ ಹೇಳಿಲ್ಲ. ಅವರ ಕಣ್ಣಿಗೆ ಇವನ ವರ್ಷದ ಆದಾಯ ಬರೀ ಏಳೂವರೆ ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಬೇಟ್, ಅಂದರೆ ತೆರಿಗೆ ಮನ್ನಾ, ಇದೆಯಲ್ವಾ, ಹಾಗಾಗಿ ಅವರು ಒಂದು ರೂಪಾಯಿಯನ್ನೂ ಹಿಡಿದಿಲ್ಲ. ಅವರ ತಪ್ಪೇನೂ ಇಲ್ಲ.

ರಿಟರ್ನ್ಸ್ ಹಾಕುವಾಗ ಎರಡೂ ಸಂಬಳ ಒಟ್ಟಿಗೆ ಸೇರುತ್ತವೆ. ಆಗ ಉಳಿದ 48,750 ಒಂದೇ ಏಟಿಗೆ ಕಟ್ಟಬೇಕು. ಟಿಡಿಎಸ್ ಕಳೆದು ಬಾಕಿ 10,000 ದಾಟಿದರೆ ವರ್ಷದೊಳಗೇ ಕಂತುಗಳಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿತ್ತು ಎಂಬ ನಿಯಮವಿದೆ. ಕಟ್ಟದಿದ್ದರೆ ತಿಂಗಳಿಗೆ ಶೇ. 1ರ ಲೆಕ್ಕದಲ್ಲಿ ಎರಡು ಥರದ ಬಡ್ಡಿ ಬೀಳುತ್ತದೆ. ಜುಲೈವರೆಗೆ ಬಿಟ್ಟಿದ್ದರೆ ಇವನಿಗೆ ಎರಡೂ ಸೇರಿ ಸುಮಾರು 4,400 ರೂಪಾಯಿ ಸುಮ್ನೆ ಹೋಗುತ್ತಿತ್ತು.

ಜನವರಿಯಲ್ಲೇ ಬಾಯಿ ಬಿಟ್ಟದ್ದು ಅವನ ಪುಣ್ಯ. ಫಾರ್ಮ್ 12ಬಿಯಲ್ಲಿ ಹಳೆಯ ಸಂಬಳ, ಆಗಲೇ ಹಿಡಿದ ತೆರಿಗೆ ಎರಡನ್ನೂ ಬರೆದುಕೊಡು ಎಂದೆ. ಆಗ ಉಳಿದ ಮೂರು ತಿಂಗಳಲ್ಲಿ 16,250ರಂತೆ ಹಿಡಿಯುತ್ತಾರೆ. ಒಟ್ಟು ತೆರಿಗೆ ಅದೇ 97,500. ಬಡ್ಡಿ ಮಾತ್ರ ಬೀಳುವುದಿಲ್ಲ.

ಇದರ ಉಲ್ಟಾ ನನಗೇ ಆಗಿದೆ. ಹಳೆಯ ಪದ್ಧತಿಯಲ್ಲಿ ಮನೆ ಬಾಡಿಗೆಗೆ ತೆರಿಗೆ ವಿನಾಯಿತಿ ಉಂಟು. ಅದರಲ್ಲಿದ್ದಾಗ ಒಂದು ವರ್ಷ ಬಾಡಿಗೆ ರಸೀದಿಗಳನ್ನು ಆಫೀಸಿಗೆ ಕೊಡುವುದು ಮರೆತೇಹೋಯಿತು. ಏಪ್ರಿಲ್‌ನಲ್ಲಿ 'ಕೊಡುತ್ತೇನೆ' ಅಂತ ಬರೆದುಕೊಟ್ಟಿದ್ದನ್ನು ನಂಬಿ ಕಡಿಮೆ ಹಿಡಿದಿದ್ದರು. ರಸೀದಿ ಬರಲಿಲ್ಲ ಅಂತ ಅಷ್ಟನ್ನೂ ಕೊನೆಯಲ್ಲಿ ಎಳೆದುಕೊಂಡರು. ಮಾರ್ಚ್ ಸಂಬಳ ನೋಡಿ ಹೆಂಡತಿ "ಇದೇನು, ಅರ್ಧ ತಿಂಗಳು ರಜಾ ಹಾಕಿದ್ರಾ?" ಅಂದಳು. ದುಡ್ಡೇನೂ ಮುಳುಗಲಿಲ್ಲ. ರಿಟರ್ನ್ಸ್‌ನಲ್ಲಿ ಬಾಡಿಗೆ ತೋರಿಸಿದೆ, ರಿಫಂಡ್ ಬಂತು. ಆದರೆ ಸರ್ಕಾರ ರಿಫಂಡ್‌ಗೆ ಕೊಡುವ ಬಡ್ಡಿ ತಿಂಗಳಿಗೆ ಶೇ. 0.5. ರಿಫಂಡು ತೆರಿಗೆಯ ಶೇ. 10ಕ್ಕಿಂತ ಕಡಿಮೆಯಿದ್ದರೆ ಅದೂ ಇಲ್ಲ. ನಾವು ಕೊಡುವಾಗ ಒಂದು, ಅವರು ಕೊಡುವಾಗ ಅರ್ಧ!

ಅಂದಹಾಗೆ ಹಳೆಯ ಪದ್ಧತಿ, ಹೊಸ ಪದ್ಧತಿ ಅಂತ ಆಫೀಸಿಗೆ ಹೇಳುವುದೂ ಟಿಡಿಎಸ್ ಹಿಡಿಯುವ ಮಟ್ಟಿಗೆ ಮಾತ್ರ. ಸಂಬಳದವರು, ಬಿಸಿನೆಸ್ ಆದಾಯ ಇಲ್ಲದಿದ್ದರೆ, ಗಡುವಿನೊಳಗೆ ರಿಟರ್ನ್ಸ್ ಹಾಕುವಾಗ ಬದಲಾಯಿಸಿಕೊಳ್ಳಬಹುದು.

ಕಡಿಮೆ ಹಿಡಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ಜಾಸ್ತಿ ಹಿಡಿಯಿರಿ ಅಂತಲೂ ಹೇಳಬಹುದು. ಎಫ್‌ಡಿ ಬಡ್ಡಿಗೆ ಬ್ಯಾಂಕ್ ಹಿಡಿಯುವುದು ಶೇ. 10. ನೀವು ಶೇ. 20ರ ಸ್ಲ್ಯಾಬಿನವರಾದರೆ ಉಳಿದರ್ಧ ನಿಮ್ಮ ತಲೆ ಮೇಲೆಯೇ. ಆ ಬಡ್ಡಿಯನ್ನೂ ಆಫೀಸಿಗೆ ತಿಳಿಸಿದರೆ ಸಂಬಳದಲ್ಲೇ ಸೇರಿಸಿ ಹಿಡಿಯುತ್ತಾರೆ.

ಇದನ್ನು ಹೇಳಿದಾಗ ತಮ್ಮ ನನ್ನ ಮುಖವನ್ನೇ ನೋಡಿದ. "ನಾನೇ ಹೋಗಿ ಹಿಡ್ಕೊಳಿ ಅನ್ನೋದಾ ಅಣ್ಣ?" ಆಮೇಲೆ ಮೊಬೈಲ್ ತೆಗೆದು ಎಚ್‌ಆರ್‌ಗೆ ಮೇಲ್ ಬರೆಯಲು ಕೂತ. ಜಾಸ್ತಿ ಬಂದ ದುಡ್ಡಿನಲ್ಲಿ ಕೊಳ್ಳಬೇಕೆಂದಿದ್ದ ಹೊಸ ಬೈಕು ಏಪ್ರಿಲ್‌ಗೆ ಮುಂದೆ ಹೋಯಿತು.